ಹನ್ನೆರಡನೇ ಸಹಿ

ನಾನೇನು ಒಳ್ಳೇಕಿ ಅನ್ನಿಸ್ಕೊಳ್ಳಾಕ ಈ ಮಾತು ಎತ್ತಿಲ್ರಿ. ಒಂದು ಸಹಿ ಮಾಡೋದಿತ್ತು, ಮಾಡಲಿಲ್ಲ. ಯಾಕ ಮಾಡಲಿಲ್ಲ ಅಂತ ಊರಾಗ ಯಾರೂ ನನ್ನ ಕೇಳಿಲ್ಲ. ಕೇಳಿದ್ರ ಏನರ ಒಂದು ಸುಳ್ಳು ಹೇಳಿ ಹಗುರಾಗ್ತಿದ್ದೆ. ಕೇಳಲಿಲ್ಲ ನೋಡ್ರಿ, ಅದಕ್ಕ ಖರೇನ ಹೇಳಬೇಕಾಗೇತಿ.

ನನ್ನ ಹೆಸರು ಶಾಂತಕುಮಾರಿ, ಕೂಡ್ಲಿಗಿಯಾಕಿ. ಕೊಟ್ಟೂರಿನ ಒಂದು ಖಾಸಗಿ ಪಿಯು ಕಾಲೇಜಿನಾಗ ಹದಿನಾಲ್ಕು ವರ್ಷದಿಂದ ಪಿ.ಟಿ. ಮೇಡಂ. ಇದೆಲ್ಲಾ ನಡಿಯೋ ತನ ಅಷ್ಟೂ ವರ್ಷ ಟೆಂಪರ್ವರಿ ಇದ್ದೆ. ನಮ್ಮಪ್ಪ ಭೀಮರಾಜ ಸರ್ಕಾರಿ ಆಫೀಸಿನಾಗ ಜವಾನ ಆಗಿದ್ದ. ಮನಿಯಾಗ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಅವೆರಡರ ಕೆಳಗ ನನ್ನ ಕುಂದ್ರಿಸಿ ಒಂದ ಮಾತು ಹೇಳ್ತಿದ್ದ. "ನಮ್ಮ ಮಂದಿ ಯಾವಾಗಲೂ ಮೇಜಿನ ಈ ಕಡೆ ನಿಂತಾರವ್ವ. ನೀ ಆ ಕಡೆ ಕುಂದ್ರಬೇಕು. ಸಹಿ ಮಾಡೋ ಕಡೆ." ಕುಂತೆ ನೋಡಪ್ಪ. ನಿನ್ನ ಆಸೆ ಪೂರೈಸೇತಿ.

ಹೋದ ವರ್ಷ ನಮ್ಮ ಸೀಮಿಯ ನಾಲ್ಕು ಮಂದಿ ದೊಡ್ಡವರು ಸೇರಿ ಒಂದು ಬ್ಯಾಸ್ಕೆಟ್‌ಬಾಲ್ ಲೀಗ್ ಹುಟ್ಟಾಕಿದ್ರು. ಅದರಾಗ ನಮ್ಮ ಕಾಲೇಜಿನ ಸೆಕ್ರೆಟರಿ ಕೊಟ್ರಸ್ವಾಮಿಯವರೂ ಒಬ್ರು. ಟೀಮಿಗೊಬ್ಬ ಫಾರಿನ್ ಆಟಗಾರ ಇರಬೇಕಂತ ರೂಲು ಮಾಡಿದ್ರು. ನಮ್ಮ ಪಾಲಿಗೆ ಬಂದಾತ ರೆಜಿನಾಲ್ಡ್ ಪೂಲ್. ಅಮೆರಿಕಾದ ಕರಿಯ ಮನುಷ್ಯ, ಆರಡಿ ಎಂಟಿಂಚು, ವಯಸ್ಸು ಮೂವತ್ನಾಲ್ಕು. ನಾವೆಲ್ಲ ರೆಜಿ ಅಂತಿದ್ವಿ. ಆತ ಬಂದ ದಿನ ಬಸ್‌ಸ್ಟ್ಯಾಂಡಿನಾಗ ಬಾಳೆಹಣ್ಣಿನ ಬಂಡಿಯವ ಬಂಡಿ ಬಿಟ್ಟು ಬಂದು ಆತನ ಸೊಂಟದ ಪಕ್ಕ ನಿಂತು ಫೋಟೋ ಹಿಡಿಸ್ಕೊಂಡ.

ಟೀಮಿಗೆ ಮ್ಯಾನೇಜರ್ ಅಂತ ಕಾಗದದಾಗ ನನ್ನ ಹೆಸರು ಬರದ್ರು. ಕಂಪ್ಯೂಟರಿನಾಗ ಲಾಗಿನ್ ನಂದು, ಸಹಿ ನಂದು. ನನಗ ಇಂಗ್ಲಿಷ್ ಬರ್ತದ, ಆಟಾನೂ ಬರ್ತದ, ಟೆಂಪರ್ವರಿ ಇದ್ದಿದ್ದರಿಂದ ಇಲ್ಲ ಅನ್ನಾಕ ಬರ್ತಿರಲಿಲ್ಲ. ಸೆಕ್ರೆಟರಿಗೆ ಇದಕ್ಕಿಂತ ಬೇಷ್ ಯಾರು ಸಿಗ್ತಾರ.

ರೆಜಿ ಹನ್ನೊಂದು ವರ್ಷದಾಗ ಒಂಬತ್ತು ದೇಶ ಆಡಿದ್ದ. ಫಿನ್ಲೆಂಡು, ಸೈಪ್ರಸ್ಸು, ರೊಮೇನಿಯಾ, ಲೆಬನಾನು, ಇರಾಕು, ಮಂಗೋಲಿಯಾ, ಇನ್ನೂ ಯಾವ್ಯಾವೋ. ಮೊದಲ ಎರಡು ಕಡೆ ಆತನ ಹೆಸರು ಕೂಗಾಕ ಸ್ಟೇಡಿಯಂ ತುಂಬ ಜನ ಇದ್ರಂತ. ಆಮೇಲೆ ಮೊಣಕಾಲು ಹೋತು. ಮೊಣಕಾಲು ಹೋದಂಗ ದೇಶ ಸಣ್ಣವಾದ್ವು, ದೇಶದಾಗ ಊರು ಸಣ್ಣವಾದ್ವು, ಕಡೀಕ ಕೊಟ್ಟೂರಿಗೆ ಬಂದ. ನಾನ ಕೇಳಿದ್ದೆ, ಎಲ್ಲಾಕಿಂತ ಹೆಚ್ಚು ಏನು ನೆನಪೈತಿ ಅಂತ. "ಮಂಚ" ಅಂದ. ಎಲ್ಲಾ ದೇಶದಾಗೂ ಮಂಚ ಗಿಡ್ಡ, ಕಾಲು ಹೊರಗ. ನಮ್ಮ ಹಾಸ್ಟೆಲಿನಾಗ ಮಂಚದ ತುದೀಗೆ ಕ್ಲಾಸಿನ ಬೆಂಚು ಒಂದು ಕಟ್ಟಿಸಿ ಕೊಟ್ವಿ. ಹನ್ನೊಂದು ವರ್ಷದಾಗ ಮೊದಲನೇ ಸಲ ಕಾಲು ಚಾಚಿ ಮಲಗೀನಿ ಅಂತ ಮಾರನೇ ದಿನ ಬಂದು ನನ್ನ ಕೈ ಕುಲುಕಿದ. ಆವತ್ತಿಂದ ನನ್ನ "ಕೋಚ್" ಅಂತ ಕರಿಯಾಕ ಹತ್ತಿದ. ಕೊಟ್ಟೂರಿನಾಗ ನನ್ನ ಕೋಚ್ ಅಂದ ಮೊದಲನೇ ಮನುಷ್ಯ ಆತ. ಉಳಿದವರು ಪೀಟಿ ಮೇಡಂ ಅಂತಾರ, ಇಲ್ಲಾಂದ್ರ ಏಯ್ ಮೇಡಂ ಅಂತಾರ.

ಲೀಗ್ ಮಾರ್ಚಿಗೆ ಮುಗೀತು. ನಾವು ಮೂರನೇದವರು. ಇರೋ ಟೀಮು ನಾಲ್ಕು, ಅದಕ್ಕ ಬಾಳ ಮೆರೀಬ್ಯಾಡ್ರಿ. ಕರಾರೂ ಅಲ್ಲಿಗೇ ಮುಗೀತು, ಆದ್ರ ಸೆಕ್ರೆಟರಿಯವರ ಲೆಕ್ಕಾಚಾರ ಬ್ಯಾರೆ ಇತ್ತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎಲ್ಲಾ ಸರ್ಕಲ್ಲಿನಾಗ ಫ್ಲೆಕ್ಸ್ ಎದ್ದಿದ್ವು. ರೆಜಿ ಚೆಂಡು ಹಿಡಕೊಂಡು ಹಾರ್ಯಾನ, ಕೆಳಗ "ಪ್ರಥಮ ಪಿಯುಸಿ ಪ್ರವೇಶ ಆರಂಭವಾಗಿದೆ". ಏಪ್ರಿಲ್ ಹತ್ತಿದ ಕೂಡಲೇ ಆತನ್ನ ಕಾಲೇಜಿನ ವ್ಯಾನಿನಾಗ ಹಾಕ್ಕೊಂಡು ಹಳ್ಳಿ ಹಳ್ಳಿ ಸುತ್ತಿಸಿದ್ವಿ. ಉಚ್ಚಂಗಿದುರ್ಗದಾಗ ರಿಂಗ್ ಇರಲಿಲ್ಲ, ಪಂಚಾಯ್ತಿ ಕಟ್ಟಿ ಮ್ಯಾಲಿನ ಗಿಡಕ್ಕ ಒಂದು ಬುಟ್ಟಿ ಕಟ್ಟಿ ಅದರಾಗ ಹಾಕಿಸಿದ್ವಿ. ಕುಂಟಕೋತ ಹಾರ್ತಿದ್ದ, ಜನ ಚಪ್ಪಾಳಿ ಹೊಡೀತಿದ್ರು. ಸೆಕ್ರೆಟರಿ ಮೈಕ್ ಹಿಡದು "ಇಂಥವರು ನಮ್ಮ ಕಾಲೇಜಿನಾಗ ಕಲಸ್ತಾರ" ಅಂತಿದ್ರು. ಆತ ಏನೂ ಕಲಸ್ತಿರಲಿಲ್ಲ. ಆತನಿಗೂ ಗೊತ್ತಿರಲಿಲ್ಲ ತಾನು ಕಲಸ್ತೀನಂತ.

ಆ ವ್ಯಾನಿನಾಗ ಒಂದಿನ ಆತನಿಗೆ ನನ್ನ ಕತಿ ಹೇಳಿದೆ. ಹೇಳಬಾರದಿತ್ತು. ಹದಿನೆಂಟನೇ ವಯಸ್ಸಿಗೆ ರೈಲ್ವೆ ಟೀಮಿನ ಟ್ರಯಲ್ಲಿನಾಗ ನಾ ಆರಿಸಿ ಬಂದಿದ್ದೆ. ಟಿ.ಸಿ. ತಗೊಂಡು ಬಂದು ಜಾಯಿನ್ ಆಗು ಅಂದ್ರು. ನಾ ಓದಿದ ಕಾಲೇಜಿನ ಪ್ರಿನ್ಸಿಪಾಲ ಟಿ.ಸಿ. ಕೊಡಲಿಲ್ಲ. ಕಾಲೇಜಿಂದು ಟ್ರ್ಯಾಕ್‌ಸೂಟ್ ನಿನ್ನ ಕಡೆ ಐತಿ, ಅದನ್ನ ತಂದು ಜಮಾ ಮಾಡು ಅಂದ. ಹರದುಹೋದ ಟ್ರ್ಯಾಕ್‌ಸೂಟ್ ಅದು, ನಮ್ಮವ್ವ ಹಂಪಮ್ಮ ಅದನ್ನ ಕತ್ತರಿಸಿ ಕೌದಿಯೊಳಗ ಹೊಲದುಬಿಟ್ಟಿದ್ಲು. ಅವ್ವ, ನಾನು ಇಬ್ರೂ ಕುಂತು ಕೌದಿ ಬಿಚ್ಚಿದ್ವಿ. ತುಂಡು ತುಂಡು ಹುಡುಕಿ ಮತ್ತ ಟ್ರ್ಯಾಕ್‌ಸೂಟ್ ಮಾಡಿ ಹೊಲದು ಒಯ್ದು ಆ ಮನುಷ್ಯಾನ ಮೇಜಿನ ಮ್ಯಾಲ ಇಟ್ವಿ. ನಕ್ಕ, ಟಿ.ಸಿ. ಕೊಟ್ಟ. ಅಷ್ಟೊತ್ತಿಗೆ ಜಾಯಿನ್ ಆಗೋ ತಾರೀಖು ಮುಗದು ಎರಡು ದಿನ ಆಗಿತ್ತು.

ರೆಜಿ ಮುಂದಿನ ಸೀಟಿಗೆ ಒಂದು ಗುದ್ದಿದ, ಡ್ರೈವರ್ ಗಾಬರಿಯಾಗಿ ವ್ಯಾನ್ ನಿಲ್ಲಿಸಿದ. "ನಾನಾಗಿದ್ರ ಆತನ ಬಾಗಿಲ ಮುರೀತಿದ್ದೆ ಕೋಚ್" ಅಂದ. ಇಪ್ಪತ್ತೆರಡು ವರ್ಷದಾಗ ನನ್ನ ಪರವಾಗಿ ಯಾರಿಗಾದ್ರೂ ಸಿಟ್ಟು ಬಂದಿದ್ದು ಅದ ಮೊದಲು. ಮನಸಿಗೆ ಎಷ್ಟು ಹಿತ ಆತು ಅಂತ ಹೇಳಾಕ ಬರೋದಿಲ್ಲ.

ಅದರ ಮರುದಿನ ಹೊಳಲಿಗೆ ಹೋಗಿದ್ವಿ. ಸಾಲಿ ಬಯಲಾಗ ಆಟ ಇತ್ತು. ಹತ್ತನೇತ್ತ ಓದೋ ಹೊನ್ನೂರಮ್ಮ ಅನ್ನೋ ಹುಡುಗಿ, ಬರಿಗಾಲಾಗ, ಮೂರು ಸಲ ರೆಜಿಯ ಕೈಯಾಗಿನ ಚೆಂಡು ಕಸಗೊಂಡ್ಲು. ಬೇಕಂತ ಬಿಟ್ಟುಕೊಟ್ಟಾನಂತ ತಿಳಕೊಂಡಿದ್ದೆ. ಇಲ್ರಿ, ಮೂರನೇ ಸಲ ಆತ ಖರೇವಂದ್ರೂ ಜಿದ್ದಿಗೆ ಬಿದ್ದಿದ್ದ. ಆಟ ಮುಗಿದ ಮ್ಯಾಲೆ ತನ್ನ ಮೈಮ್ಯಾಲಿನ ಟೀಮಿನ ಟ್ರ್ಯಾಕ್‌ಸೂಟಿನ ಅಂಗಿ ಬಿಚ್ಚಿ ಆಕಿಗೆ ಹಾಕಿದ. ಆಕಿ ಮೊಣಕಾಲಿನ ತನ ಬಂತು. ಎಲ್ಲಾರೂ ನಕ್ರು, ಆಕಿ ಮಾತ್ರ ನಗಲಿಲ್ಲ, ತೋಳು ಮಡಚಿಕೊಂಡು ಹಂಗ ಹೊಂಟುಹೋದ್ಲು.

ಏಪ್ರಿಲ್ ಇಪ್ಪತ್ತಕ್ಕ ರೆಜಿ ಓಡಿಕೋತ ಬಂದ. ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಕ್ಲಬ್ಬಿನವರು ಕರದಿದ್ರು. ಎರಡು ವರ್ಷ ಆಟ, ಆಮೇಲೆ ಅಲ್ಲೇ ಮಕ್ಕಳಿಗೆ ಕೋಚ್. ಹನ್ನೊಂದು ವರ್ಷದಾಗ ಆತನಿಗೆ ಯಾರೂ ಎಂಟು ತಿಂಗಳ ಮ್ಯಾಲ ಕಾಗದ ಕೊಟ್ಟಿರಲಿಲ್ಲ. ಅವಗ ಒಂಬತ್ತು ವರ್ಷದ ಮಗಳು ಅದಾಳ, ಇಮಾನಿ ಅಂತ. "ಆಕಿಗೆ ನಾನು ಫೋನಿನಾಗ ಇರೋ ಮನುಷ್ಯ ಕೋಚ್. ಎರಡು ವರ್ಷ ಒಂದ ಮನಿಯಾಗ ಇದ್ರ ಆಕಿ ಬಂದು ನನ್ನ ಕೂಡ ಇರಬಹುದು" ಅಂದ. ಈ ಮೊಣಕಾಲಿಗೆ ಇನ್ನೊಬ್ರು ಯಾರೂ ಕಾಗದ ಕೊಡೋದಿಲ್ಲ ಅಂತ ಆತನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ದೇಶದಾಗ ಆಡಿದಾತ ಇನ್ನೊಂದು ದೇಶಕ್ಕ ಆಡಾಕ ಹೋಗಬೇಕಂದ್ರ ಬಿಡುಗಡೆ ಪತ್ರ ಬೇಕು. ಅದಕ್ಕ ಹಿಂದಿನ ಕ್ಲಬ್ಬಿನವರು "ನಮ್ಮದೇನೂ ತಕರಾರಿಲ್ಲ" ಅಂತ ಒಂದು ಸಾಲು ಬರದು ಕಳಿಸಬೇಕು. ಅಂದ್ರ ನಾನು. ಏಪ್ರಿಲ್ ಮೂವತ್ತು ಸಂಜಿ ಐದಕ್ಕ ಅವರ ಕಡೆ ಹೆಸರು ಸೇರ್ಸೋದು ಬಂದ್. ಅವರ ಸಂಜಿ ಐದಂದ್ರ ನಮಗ ಮುಂಜಾನಿ ಹತ್ತೂವರಿ. ಇದನ್ನ ಒಂದು ಚೀಟಿ ಮ್ಯಾಲ ಬರದು ನನ್ನ ಮೇಜಿನ ಗಾಜಿನ ಕೆಳಗ ಆತನ ಇಟ್ಟು ಹೋಗಿದ್ದ.

ನಾನು ಆ ಸಾಲು ಟೈಪ್ ಮಾಡಿ ಇಟ್ಟೆ. ಕಳಿಸೋ ಮುಂದ ಸೆಕ್ರೆಟರಿಯವರಿಗೆ ಒಂದು ಮಾತು ಹೇಳಬೇಕಲ್ಲ ಅಂತ ಹೋದೆ. ಯಾಕ ಹೋದೆನೋ, ನನ್ನ ಬುದ್ಧಿಗಿಷ್ಟು. ಹದಿನಾಲ್ಕು ವರ್ಷ ಕೇಳಿ ಕೇಳಿ ಬಾತ್‌ರೂಮಿಗೂ ಕೇಳಿ ಹೋಗೋ ರೂಢಿ ಬಿದ್ದುಬಿಟ್ಟೈತಿ.

"ಶಾಂತಮ್ಮ, ಜೂನ್ ಹದಿನೈದರ ತನ ಪ್ರವೇಶ ಐತಿ" ಅಂದ್ರು ಕೊಟ್ರಸ್ವಾಮಿ. "ಫ್ಲೆಕ್ಸ್ ಹಾಕಿಸೀನಿ. ಈಗ ಆತ ಹೋದ್ರ ಮಂದಿ ನನ್ನ ಮಾರಿ ಮ್ಯಾಲ ಉಗುಳ್ತಾರ. ಕೊಡೋದಿಲ್ಲ ಅನ್ನಬ್ಯಾಡ್ರಿ. ನೋ ಡ್ಯೂ ಫಾರಂ ಕೊಡ್ರಿ, ಹುಡುಗರಿಗೆ ಕೊಡ್ತೀವಲ್ಲ, ಹಂಗ. ಸಹಿ ಮಾಡಿಸ್ಕೊಂಡು ತಿರುಗಲಿ, ಅದು ತುಂಬಿದ ಮ್ಯಾಲ ಪತ್ರ. ಕಡೀ ಸಹಿ ನಿಮ್ಮದ ಐತಲ್ಲ." ಆಮೇಲೆ ಡ್ರಾ ಎಳೆದು ಒಂದು ಹಸಿರು ಫೈಲು ತಗದು ಮೇಜಿನ ಮ್ಯಾಲ ಇಟ್ರು. ನನ್ನ ಖಾಯಂ ಪ್ರಸ್ತಾವನೆ. "ಇದೂ ಮೂವತ್ತನೇ ತಾರೀಖಿನ ಒಳಗ ಇಲಾಖೆಗೆ ಹೋಗಬೇಕು. ನಿಮ್ಮಂಥವರು ಮ್ಯಾಲ ಬರಬೇಕು ಅಂತ ನನಗೂ ಐತ್ರಿ. ನೀವು ಅದಕ್ಕ ಸಹಿ ಹಾಕಬ್ಯಾಡ್ರಿ, ನಾನು ಇದಕ್ಕ ಹಾಕ್ತೀನಿ."

ಬೆದರಿಕಿ ಹಾಕಿದ್ರ ಬೈದು ಬರ್ತಿದ್ದೆನೇನೋ. ಆ ಮನುಷ್ಯ ಚಹಾ ಹೇಳಿದ್ರು. ನಾನು ಚಹಾ ಕುಡದು ಬಂದೆ.

ಕ್ಲರ್ಕ್ ಚೌಡಣ್ಣ ರೆಜಿಯ ಕೈಗೆ ಫಾರಂ ಕೊಟ್ಟ. ಹನ್ನೆರಡು ಮನಿ ಇರೋ ಫಾರಂ. ಲೈಬ್ರರಿ, ಫಿಸಿಕ್ಸ್ ಲ್ಯಾಬು, ಕೆಮಿಸ್ಟ್ರಿ ಲ್ಯಾಬು, ಹಾಸ್ಟೆಲು, ಎನ್ನೆಸ್ಸೆಸ್ಸು, ಸ್ಕೌಟ್ಸು, ಕಡೀಕ ಕ್ರೀಡಾ ವಿಭಾಗ. ಬ್ಯಾರೆ ಯಾವ ಊರಾಗಾದ್ರೂ ಆಟಗಾರನಿಗೆ ಕೆಮಿಸ್ಟ್ರಿ ಲ್ಯಾಬಿನ ಸಹಿ ಕೇಳ್ತಾರೇನ್ರಿ. ಆತ ಮಾತ್ರ ನಗಲಿಲ್ಲ. ಇರಾಕಿನಾಗ ಇದಕ್ಕಿಂತ ಉದ್ದ ಫಾರಂ ತುಂಬೀನಿ ಅಂದ. ರಜಾದಾಗ ಲೆಕ್ಚರರು ಯಾರೂ ಇರಲಿಲ್ಲ. ಕೆಮಿಸ್ಟ್ರಿಯವರ್ನ ಹುಡುಕ್ಕೊಂಡು ಹಗರಿಬೊಮ್ಮನಹಳ್ಳಿಗೆ ಹೋದ. ಸ್ಕೌಟ್ಸಿನವರು ಹಡಗಲಿಯಾಗ ಮದುವಿಗೆ ಹೋಗಿದ್ರು, ಊಟದ ಪಂಕ್ತಿಯಾಗ ಅವರ ಎಲಿ ಪಕ್ಕ ಮಂಡಿ ಊರಿ ಕುಂತು ಸಹಿ ಮಾಡಿಸ್ಕೊಂಡ. ಲೈಬ್ರರಿಯವ ನಿನ್ನ ಲೈಬ್ರರಿ ಕಾರ್ಡ್ ಎಲ್ಲೈತಿ ಅಂದ. ಇವಗ ಕಾರ್ಡ ಕೊಟ್ಟಿರಲಿಲ್ಲ. ಅದಕ್ಕ ಕಾರ್ಡ್ ಮಾಡಿಸಿ, ಅದನ್ನ ಅಲ್ಲೇ ವಾಪಸ್ ಕೊಟ್ಟು ಸಹಿ ತಗೊಂಡ. ಒಂಬತ್ತು ದಿನದಾಗ ಹನ್ನೊಂದು ಸಹಿ ಕೂಡಿಸಿದ. ಸೆಕ್ರೆಟರಿ ಐದೂ ಆಗೋದಿಲ್ಲಂತ ತಿಳಕೊಂಡಿದ್ರು. ನಾನೂ ಹಂಗ ತಿಳಕೊಂಡಿದ್ದೆ. ಆಗದಿರಲಿ, ನನ್ನ ತನ ಬಾರದಿರಲಿ ಅಂತ ಬೇಡಿಕೊಂಡಿದ್ದೂ ಖರೇವ.

ಇಪ್ಪತ್ತೊಂಬತ್ತನೇ ತಾರೀಖು ಮಧ್ಯಾಹ್ನ ಬಂದು ಫಾರಂ ನನ್ನ ಮುಂದ ಇಟ್ಟ. ಬಿಸಿಲಾಗ ತಿರುಗಿ ತುಟಿ ಒಡದಿತ್ತು. "ಕಡೀ ಸಹಿ ನಮ್ಮ ಕೋಚಿಂದು" ಅಂತ ಕುರ್ಚಿ ಎಳಕೊಂಡು ಕುಂತು ನಕ್ಕ. ಮಂಡಕ್ಕಿ ಮಿರ್ಚಿ ಕಟ್ಟಿಸ್ಕೊಂಡು ಬಂದಿದ್ದ, ನನಗೂ ಸೇರ್ಸಿ.

ನಾನು ಪೆನ್ನು ತಗೊಂಡೆ. ತಗೊಂಡಿದ್ದು ಖರೇವ. ನಮ್ಮಪ್ಪನ ಮಾತು ನೆನಪಾತು, ಹಸಿರು ಫೈಲು ನೆನಪಾತು. ಆಮೇಲೆ ನನ್ನ ಬಾಯಾಗಿಂದ ಬಂದ ಮಾತು ನಂದಲ್ಲ, ಇಪ್ಪತ್ತೆರಡು ವರ್ಷದ ಹಿಂದ ನಾ ಕೇಳಿದ್ದ ಮಾತು.

"ರೆಜಿ, ಟ್ರ್ಯಾಕ್‌ಸೂಟ್ ವಾಪಸ್ ಬಂದಿಲ್ಲ."

ಆತ ಮೊದಲು ಚಾಷ್ಟಿ ಅಂದ್ಕೊಂಡ. ನನ್ನ ಮಾರಿ ನೋಡಿದ. "ಹೊಳಲಿನಾಗ ಆ ಹುಡುಗಿಗೆ ಕೊಟ್ಟೆ. ನೀನೂ ಇದ್ದೆಲ್ಲ" ಅಂದ. "ಅದು ಕಾಲೇಜಿಂದು. ಜಮಾ ಆಗಬೇಕು" ಅಂದೆ. ಹೊಸದು ತರಿಸಿಕೊಡ್ತೀನಿ ಅಂದ. ನಂಬರ್ ಹಾಕಿದ್ದ ಆಗಬೇಕು ಅಂದೆ. ಇಷ್ಟು ಸರಾಗ ಬಂತು ನೋಡ್ರಿ, ಯಾರೂ ಕಲಸಬೇಕಾಗಲಿಲ್ಲ. ಆತ ಮಿರ್ಚಿ ಪೊಟ್ಟಣ ನನ್ನ ಕಡೆ ಸರಿಸಿ ಎದ್ದುಹೋದ.

ಮೂವತ್ತನೇ ತಾರೀಖು ಮುಂಜಾನಿ ಮೊದಲನೇ ಬಸ್ಸಿಗೆ ಹಡಗಲಿಗೆ ಹೋಗಿ, ಅಲ್ಲಿಂದ ಹೊಳಲಿಗೆ ಹೋಗ್ಯಾನ. ನಾನು ಎಂಟಕ್ಕ ಬಂದು ಆಫೀಸಿನಾಗ ಕುಂತೆ. ಕಂಪ್ಯೂಟರ್ ಹಚ್ಚಿದೆ. ಟೈಪ್ ಮಾಡಿಟ್ಟ ಸಾಲು ಹಂಗ ಇತ್ತು. ಒಂದು ಬಟನ್ ಒತ್ತಿದ್ರ ಹೋಗ್ತಿತ್ತು.

ಒಂಬತ್ತು ಐವತ್ತಕ್ಕ ಫೋಟೋ ಬಂತು. ರೆಜಿ ಹೊಳಲಿನ ಬಸ್ ನಿಲ್ದಾಣದಾಗ ಟ್ರ್ಯಾಕ್‌ಸೂಟ್ ಎತ್ತಿ ಹಿಡದಾನ, ಹಿಂದಿನ ನಂಬರ್ ಕಾಣ್ತೈತಿ. ಕೆಳಗ ಬರದಿದ್ದ, "ಸಿಕ್ತು ಕೋಚ್. ಇನ್ನ ನಲವತ್ತು ನಿಮಿಷ ಐತಿ. ಕಳಿಸು." ನಾ ನೋಡೀನಿ ಅಂತ ಎರಡು ನೀಲಿ ಗೀಟು ಆತನಿಗೆ ಕಂಡಿರ್ತಾವ. ಹತ್ತಕ್ಕ ಫೋನ್ ಬಂತು, ಹತ್ತೂಕಾಲಿಗೆ ಬಂತು. ಹತ್ತೂ ಇಪ್ಪತ್ತಕ್ಕ ಎತ್ತಿದೆ. "ಬಟ್ಟಿ ಇಲ್ಲಿಗೆ ಬಂದು ಜಮಾ ಆಗಬೇಕು ರೆಜಿ. ಫೋಟೋ ನಡಿಯೋದಿಲ್ಲ" ಅಂದೆ. ಆ ಕಡೆಯಿಂದ ಬಸ್ಸಿನ ಹಾರನ್ ಕೇಳಸ್ತಿತ್ತು. ಫೋನಿಟ್ಟೆ. ಗೋಡೆ ಗಡಿಯಾರ ನೋಡ್ಕೋತ ಕುಂತೆ. ಹತ್ತೂವರಿ ಆತು, ಹತ್ತೂ ಮೂವತ್ತೊಂದು ಆತು. ಹೊರಗ ಚೌಡಣ್ಣ ಯಾರಿಗೋ ಹಾಸ್ಟೆಲ್ ಸೀಟು ಖಾಲಿ ಇಲ್ಲ ಅಂತ ಹೇಳ್ತಿದ್ದ.

ಒಂದೂವರಿಗೆ ರೆಜಿ ಬಂದ. ಓಡಿ ಬರಲಿಲ್ಲ, ಮೊಣಕಾಲು ಹಿಡಕೊಂಡು ಒಂದೊಂದ ಮೆಟ್ಲು ಹತ್ತಿ ಬಂದ. ಟ್ರ್ಯಾಕ್‌ಸೂಟ್ ಮೇಜಿನ ಮ್ಯಾಲ ಇಟ್ಟ. ಒಗದು, ಒಣಗಿಸಿ, ಇಸ್ತ್ರಿ ಪೆಟ್ಟಿಗಿ ಇಲ್ಲದ ಮನಿಯಾಗ ಹಾಸಿಗಿ ಕೆಳಗ ಇಟ್ಟು ಮಡಚ್ತಾರಲ್ಲ, ಹಂಗ ಮಡಚಿದ್ರು. ನಾನು ಫಾರಂ ಎಳಕೊಂಡು ಹನ್ನೆರಡನೇ ಮನಿಯಾಗ ಸಹಿ ಮಾಡಿದೆ. ಈಗ ಅದರಿಂದ ಯಾರಿಗೂ ಏನೂ ಆಗೋದಿರಲಿಲ್ಲ.

"ಟೈಮ್ ನಿನಗ ಗೊತ್ತಿತ್ತು" ಅಂದ. ಗಾಜಿನ ಕೆಳಗ ಚೀಟಿ ಇನ್ನೂ ಇತ್ತು.

"ಗೊತ್ತಿತ್ತು" ಅಂದೆ.

ಬಾಗಿಲು ಮುರೀಲಿಲ್ಲ. ಮೇಜು ಗುದ್ದಲಿಲ್ಲ. ನನ್ನ ನೋಡಿದ, ನಾನು ಯಾರಂತ ನೆನಪು ಮಾಡ್ಕೊಳ್ಳೋರಂಗ. ಆಮೇಲೆ ಕೇಳಿದ, "ನಿನ್ನ ಪ್ರಿನ್ಸಿಪಾಲನೂ ಹಿಂಗ ಕುಂತಿದ್ನೇನು, ಕುರ್ಚಿ ಬಿಟ್ಟು ಏಳದ?"

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಎದ್ದಿದ್ರ ಕಾಲು ಹಿಡೀತಿದ್ದೆ, ಕಾಲು ಹಿಡದ್ರ ಮತ್ತ ಅಪ್ಪ ಹೇಳಿದ ಮೇಜಿನ ಈ ಕಡೆ, ನಿಲ್ಲೋರ ಕಡೆ ಬಂದಂಗಾಗ್ತಿತ್ತು.

ನ್ಯೂಜಿಲೆಂಡಿನವರು ಮರುದಿನ ಇನ್ನೊಬ್ಬಾತನ್ನ ತಗೊಂಡ್ರು. ಮೇ ಎರಡಕ್ಕ ರೆಜಿ ಹೊಸಪೇಟಿ ಬಸ್ಸು ಹತ್ತಿದ. ಸೆಕ್ರೆಟರಿ ಶಾಲು, ಪೇಟ, ಹಣ್ಣಿನ ಬುಟ್ಟಿ ತರಿಸಿ ಬಸ್‌ಸ್ಟ್ಯಾಂಡಿನಾಗ ಸನ್ಮಾನ ಮಾಡಿದ್ರು. ಪೇಟ ತಲಿಗೆ ಮುಟ್ಟಲಿಲ್ಲಂತ ಚೌಡಣ್ಣ ಬೆಂಚು ಹತ್ತಿ ಸುತ್ತಿದ. ಆತ ಬಗ್ಗಿಸ್ಕೊಂಡ, ಎಲ್ಲಾರಿಗೂ ಕೈ ಮುಗಿದ, ನನಗ ಬಿಟ್ಟು. ಈಗ ತನ್ನ ಊರಾಗ ಯಾವುದೋ ಗೋಡೌನಿನಾಗ ರಾತ್ರಿ ಪಾಳಿ ಮಾಡ್ತಾನಂತ, ಟೀಮಿನ ಹುಡುಗರು ಹೇಳಿದ್ರು. ಮಗಳು ತಾಯಿ ಕೂಡ ಇನ್ನೊಂದು ಊರಾಗ ಅದಾಳಂತ.

ಆತ ಇಲ್ಲದಿದ್ರೂ ಫ್ಲೆಕ್ಸ್ ಇದ್ವಲ್ಲ, ಪ್ರವೇಶ ತುಂಬಿದ್ವು. ಮನುಷ್ಯಾನ ಜರೂರ ಇರಲಿಲ್ಲ, ಫೋಟೋ ಸಾಕಿತ್ತು. ಜೂನ್ ಹತ್ತಕ್ಕ ನನ್ನ ಖಾಯಂ ಆರ್ಡರ್ ಬಂತು. ಕೂಡ್ಲಿಗಿಗೆ ಹೋಗಿ ಅಪ್ಪನ ಫೋಟೋದ ಮುಂದ ಇಟ್ಟೆ. ಆತ ಇದ್ದಿದ್ರ ಓಣಿಗೆಲ್ಲ ಪೇಢೆ ಹಂಚ್ತಿದ್ದ. ನಾನು ಯಾರಿಗೂ ಹಂಚಲಿಲ್ಲ.

ಹನ್ನೆರಡನೇ ತಾರೀಖು ಪ್ರವೇಶದ ಮೇಜಿನಾಗ ನಾನ ಕುಂತಿದ್ದೆ. ಒಬ್ಬಾಕಿ ಹುಡುಗಿ ಬಂದು ನಿಂತ್ಲು, ಎಣ್ಣಿ ಹಚ್ಚಿ ಬಿಗಿಯಾಗಿ ಜಡಿ ಹಾಕ್ಕೊಂಡು. ಗುರ್ತು ಸಿಗಾಕ ಒಂದು ಗಳಿಗಿ ಬೇಕಾತು. ಹೊಳಲಿನ ಹೊನ್ನೂರಮ್ಮ.

"ಆ ಎತ್ತರದ ಸರ್ ಇಲ್ಲಿ ಕಲಸ್ತಾರಂತ ಹೇಳಿದ್ರಲ್ಲ, ಫ್ಲೆಕ್ಸ್ ನೋಡಿ ಬಂದೆ ಮೇಡಂ" ಅಂದ್ಲು.

ನಾನು ಆಕಿಯ ಟಿ.ಸಿ., ಮಾರ್ಕ್ಸ್ ಕಾರ್ಡು ಕೇಳಿದೆ. ಒರಿಜಿನಲ್ ಇಲ್ಲೇ ಇಡಬೇಕು, ಹೋಗುವಾಗ ನೋ ಡ್ಯೂ ಆದ ಮ್ಯಾಲೆ ಕೊಡ್ತೀವಿ, ಅದು ನಮ್ಮಲ್ಲಿ ರೂಢಿ. ಆಕಿ ಪ್ಲಾಸ್ಟಿಕ್ ಚೀಲದಿಂದ ತಗದು ಎರಡೂ ಕೈಲಿ ಕೊಟ್ಲು. ಹಿಂದಿನ ಕಪಾಟು ತಗದೆ. ಟ್ರ್ಯಾಕ್‌ಸೂಟ್ ಅಲ್ಲೇ ಇತ್ತು, ಆಕಿ ಮಡಚಿದ ಮಡಿಕಿಯೊಳಗ. ಆಕಿ ಕಣ್ಣು ಅದರ ಮ್ಯಾಲ ಬಿತ್ತು.

"ಅವತ್ತು ಸರ್ ಬಂದು ಬಾಗಿಲಾಗ ನಿಂತು ಅಳಾಕ ಹತ್ತಿದ್ರು ಮೇಡಂ. ಕೊಟ್ಟಿದ್ದನ್ನ ವಾಪಸ್ ಕೇಳಾಕ ಬಂದೀನಿ, ಕ್ಷಮಿಸು ಅಂದ್ರಂತ, ನಮ್ಮ ಸಾಲಿ ಮೇಷ್ಟ್ರು ಕನ್ನಡದಾಗ ಹೇಳಿದ್ರು. ನಾ ಏನೂ ಬ್ಯಾಸರ ಮಾಡ್ಕೊಳ್ಳಲಿಲ್ಲ. ಅದನ್ನ ಕೊಟ್ರ ಅವರಿಗೆ ಏನೋ ಕಾಗದ ಸಿಗ್ತೈತಂತಲ್ಲ." ಆಮೇಲೆ ಕೇಳಿದ್ಲು. "ಸಿಕ್ತೇನ್ರಿ ಅವರಿಗೆ?"

"ಸಿಕ್ತವ್ವ" ಅಂದೆ.

ಆಕಿ ಮಾರಿ ಅರಳಿತು. ಆಕಿಯ ಟಿ.ಸಿ.ಯನ್ನ ಆ ಟ್ರ್ಯಾಕ್‌ಸೂಟಿನ ಮ್ಯಾಲ ಇಟ್ಟೆ, ಕಪಾಟಿಗೆ ಕೀಲಿ ಹಾಕಿದೆ, ಮುಂದಿನವರನ್ನ ಕರದೆ.